ಬಲಗಡೆ ಹಕ್ಕಿಯ ಉದ್ರಿ

ಮೂರು ತಿಂಗಳ ಹಿಂದೆ ಹೈದರಾಬಾದಿನ ಶೂಟಿಂಗ್ ರೇಂಜ್‌ನಲ್ಲಿ ಹಾರುವ ಬಿಲ್ಲೆ, ಅಂದರೆ ನನ್ನ ಮಾತಿನಲ್ಲಿ ಹಕ್ಕಿ, 25ಕ್ಕೆ 24 ಹೊಡೆದೆ. ತಪ್ಪಿದ್ದು ಕೊನೆಯದು, 25ನೆಯದು. ಮರುದಿನ ಬೀದರಿನಲ್ಲಿ ಅಂಗಡಿಯ ಶಟರ್ ಎತ್ತುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಪಕ್ಕದ ಅಂಗಡಿಯವರು, ಗಿರಾಕಿಗಳು, ಚಹಾ ತರುವ ಹುಡುಗ, ಎಲ್ಲರದೂ ಒಂದೇ ಮಾತು. "ಛೇ, ಒಂದರಾಗ ಹೋತಲ್ರಿ ಸಾವ್ಕಾರ್ರೆ!"

ಇದು ನನ್ನ ಮೂರನೇ 24. ಮೊದಲ ಸಲ 24 ಬಂದಾಗ ತಪ್ಪಿದ್ದು ಮೊಟ್ಟಮೊದಲ ಹಕ್ಕಿ. ಎರಡನೇ ಸಲ 11ನೆಯದು. ಆಗ ಯಾರೂ ಛೇ ಅನ್ನಲಿಲ್ಲ. "ಭಾಳ ಛಲೋ ಆತು" ಅಂದರು. ನಾನೂ ಪೇಡೆ ತಂದು ಹಂಚಿದ್ದೆ. ಈಗ ಕೊನೆಯದು ತಪ್ಪಿದ್ದಕ್ಕೆ ಊರೆಲ್ಲ ಸೂತಕ. ಲೆಕ್ಕದಲ್ಲಿ ಮೊದಲನೆಯದು ಹೋದರೂ ಒಂದೇ, ಕೊನೆಯದು ಹೋದರೂ ಒಂದೇ ಅಲ್ವಾ? ಕೊನೆಯದಕ್ಕೆ ಮಾತ್ರ ಯಾಕಿಷ್ಟು ಅಳು?

ಸಮಾಧಾನ ಹೇಳಿದವರ ಸಲಹೆಗಳೂ ಒಂದೇ ಥರ. ಒಬ್ಬರು ಏಕಾಗ್ರತೆ ಅಂದರು. ಇನ್ನೊಬ್ಬರು ಧ್ಯಾನ ಅಂದರು. ಮೂರನೆಯವರು ಸುಮ್ನೆ ನಸೀಬು ಅಂದುಬಿಟ್ಟರು. ಮೂರೂ ನನಗೆ ಒಪ್ಪಿಗೆ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದರ ಹೆಸರು ಟ್ರ್ಯಾಪ್. ನಾವು ನಿಲ್ಲುವ ಜಾಗದಿಂದ 15 ಮೀಟರ್ ಮುಂದೆ ನೆಲದೊಳಗೆ ಒಂದು ಗುಂಡಿ. ಅದರಲ್ಲಿ 15 ಮೆಷಿನ್. ನಿಲ್ಲುವ ಸ್ಟೇಷನ್ 5, ಪ್ರತಿ ಸ್ಟೇಷನ್ ಮುಂದೆ 3 ಮೆಷಿನ್. ಬಂದೂಕು ಭುಜಕ್ಕೆ ಕೊಟ್ಟು "ಪುಲ್" ಅಂತ ಕೂಗಿದರೆ ಮುಂದಿರುವ ಮೈಕ್ ಅದನ್ನು ಕೇಳಿ ಮೂರರಲ್ಲಿ ಒಂದು ಮೆಷಿನ್ ಬಿಡುತ್ತದೆ. ಯಾವುದು ಅಂತ ನಮಗೆ ಗೊತ್ತಿರುವುದಿಲ್ಲ. 110 ಮಿಲಿಮೀಟರ್ ಅಗಲದ, ನೂರು ಗ್ರಾಂ ಚಿಲ್ಲರೆ ತೂಕದ ಒಂದು ಬಿಲ್ಲೆ ಗಂಟೆಗೆ ನೂರು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ನಮ್ಮಿಂದ ದೂರ ಓಡುತ್ತದೆ. ಅದಕ್ಕೆ ರೇಂಜ್‌ನಲ್ಲಿ ಬರ್ಡ್ ಅಂತಾರೆ, ನಾನು ಹಕ್ಕಿ ಅಂತೀನಿ. ಎರಡು ಗುಂಡು ಹಾರಿಸಲು ಅವಕಾಶ ಇರುತ್ತದೆ. ಮೊದಲನೆಯದು ತಪ್ಪಿ ಎರಡನೆಯದು ತಾಗಿದರೂ ಪೂರ್ತಿ ಒಂದು ಅಂಕ. ಒಂದು ಸುತ್ತಿಗೆ 25 ಹಕ್ಕಿ.

ಹಕ್ಕಿ ಅನ್ನುವ ಹೆಸರು ಸುಮ್ನೆ ಬಂದಿದ್ದಲ್ಲ. ಹಿಂದೆ ನಿಜವಾದ ಪಾರಿವಾಳಗಳನ್ನೇ ಪೆಟ್ಟಿಗೆಯಲ್ಲಿಟ್ಟು, ಹಗ್ಗ ಎಳೆದು ಹಾರಿಬಿಟ್ಟು ಹೊಡೆಯುತ್ತಿದ್ದರು. "ಪುಲ್" ಅಂದರೆ ಹಗ್ಗ ಎಳಿ ಅಂತ. 1900ರ ಪ್ಯಾರಿಸ್ ಒಲಿಂಪಿಕ್ಸ್ ವೇಳೆ ಕೂಡ ಜೀವಂತ ಪಾರಿವಾಳ ಹೊಡೆಯುವ ಸ್ಪರ್ಧೆ ನಡೆದಿತ್ತು. ನಡುವೆ ಗಾಜಿನ ಗೋಲಿ ಬಂತು, 1880ರ ಹೊತ್ತಿಗೆ ಅಮೆರಿಕದಲ್ಲಿ ಮಣ್ಣಿನ ಬಿಲ್ಲೆ ಬಂತು. ಈಗ ಅದು ಮಣ್ಣೂ ಅಲ್ಲ. ಸುಣ್ಣದ ಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ನಮ್ಮ ಕಡೆ ಅದನ್ನು ನೆಲಕ್ಕೆ ಹಾಸಿ ಮೇಲೆ ಊಟಕ್ಕೆ ಕೂರುತ್ತೇವೆ, ಅಲ್ಲಿ ಗಾಳಿಗೆ ಎಸೆದು ಒಡೆಯುತ್ತಾರೆ.

"ಗನ್ ಮನೇಲಿ ಇಟ್ಟೀರೇನ್ರಿ?" ಅಂತ ಕೇಳುವವರು ಜಾಸ್ತಿ. ಇಲ್ಲ. ಕ್ಲಬ್ಬಿನದು, ರೇಂಜ್‌ನಲ್ಲೇ ಇರುತ್ತದೆ. "ಶ್ರೀಮಂತರ ಆಟ" ಅನ್ನುವವರಿಗೂ ಒಂದು ಮಾತು. ಸುಳ್ಳು ಹೇಳಲ್ಲ, ಖರ್ಚಿದೆ. ಒಂದು ಸುತ್ತಿಗೆ ಕಮ್ಮಿ ಅಂದರೆ 25 ತೋಟಾ, ಕೈ ಕೆಟ್ಟ ದಿನ 40 ದಾಟುತ್ತದೆ. ಬೀದರಿನಿಂದ ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೆಚ್ಚೂಕಮ್ಮಿ 140 ಕಿಲೋಮೀಟರ್. ನಸುಕಿನಲ್ಲಿ ನಾಲ್ಕಕ್ಕೆ ಎದ್ದು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೊರಟರೆ ಬಿಸಿಲೇರುವ ಮೊದಲು ಎರಡು ಸುತ್ತು ಆಗುತ್ತದೆ. ತಿಂಗಳಿಗೆ ಎರಡು ಭಾನುವಾರ. ಅಷ್ಟೇ ನನ್ನ ಕೈಲಾಗುವುದು.

ಈಗ ನಸೀಬಿನ ಮಾತಿಗೆ ಬರುತ್ತೇನೆ.

ನನ್ನದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಅಪ್ಪನ ಕಾಲದಿಂದ ಕೀರ್ದಿ, ಖತಾವಣಿ ಎರಡೂ ಬರೆಯುವ ಪದ್ಧತಿ ಇದೆ. ಕೀರ್ದಿಯಲ್ಲಿ ಆಯಾ ದಿನದ ವ್ಯಾಪಾರ ಬಂದ ಹಾಗೆ ಬರೆಯುವುದು. ಖತಾವಣಿಯಲ್ಲಿ ಅದನ್ನೇ ಹೆಸರು ಹೆಸರಿಗೆ ಬೇರೆ ಮಾಡಿ ಹಚ್ಚುವುದು. ಕೀರ್ದಿ ನೋಡಿದರೆ ಇವತ್ತು ಎಷ್ಟು ಉದ್ರಿ ಹೋಯಿತು ಅಂತ ಗೊತ್ತಾಗುತ್ತದೆ. ಯಾರು ಮೂರು ವರ್ಷದಿಂದ ದುಡ್ಡು ಕೊಟ್ಟಿಲ್ಲ ಅನ್ನುವುದು ಖತಾವಣಿ ತೆಗೆದಾಗಲೇ ತಿಳಿಯುವುದು.

ಶೂಟಿಂಗ್‌ನಲ್ಲಿ ನಾನು ಬಹಳ ದಿನ ಬರೀ ಕೀರ್ದಿ ಬರೆದೆ. 20, 22, 19, 23. ಸ್ಕೋರ್ ಕಾರ್ಡ್ ಅಂದರೆ ಅದೇ. ಒಂದು ದಿನ ಮಗಳು, ಪಿಯುಸಿ ಓದುವವಳು, "ಪಪ್ಪಾ, ಯಾವ ಹಕ್ಕಿ ತಪ್ಪಿತು ಅಂತ ಯಾಕೆ ಬರಿಯಲ್ಲ?" ಅಂದಳು. ಅಂಗಡಿಯಲ್ಲಿ ಐವತ್ತು ರೂಪಾಯಿ ಉದ್ರಿಯನ್ನೂ ಹೆಸರು ಹಾಕಿ ಬರೆಯುವ ಮನುಷ್ಯ ನಾನು. ನಾಚಿಕೆ ಆಯಿತು.

ಅವತ್ತಿನಿಂದ ಒಂದು ಹಳೇ ಖತಾವಣಿಯಲ್ಲಿ ಮೂರು ಪುಟ ತೆರೆದೆ. ಎಡ, ಬಲ, ನೇರ. ಈ ಆಟದಲ್ಲಿ 25ರಲ್ಲಿ 10 ಎಡಕ್ಕೆ ಹೋಗುತ್ತವೆ, 10 ಬಲಕ್ಕೆ, 5 ಹೆಚ್ಚೂಕಮ್ಮಿ ನೇರ. ಒಂದು ವರ್ಷದಲ್ಲಿ 40 ಸುತ್ತು ಆಯಿತು. ಅಂದರೆ 1000 ಹಕ್ಕಿ. ತಪ್ಪಿದ್ದು 146. ಅದರಲ್ಲಿ ನೇರ 14. ಎಡ 38. ಬಲ 94.

94! ಒಬ್ಬನೇ ಗಿರಾಕಿ ಅರ್ಧಕ್ಕಿಂತ ಜಾಸ್ತಿ ಉದ್ರಿ ಇಟ್ಟುಕೊಂಡು ಕೂತಿದ್ದಾನೆ, ನಾನು ನೋಡಿದರೆ ನಸೀಬು ಅಂತ ಹಣೆ ಮುಟ್ಟಿಕೊಳ್ಳುತ್ತಿದ್ದೇನೆ. ಮೂರೂ 24ರಲ್ಲಿ ತಪ್ಪಿದವು ಯಾವುವು ಅಂತ ನೆನಪು ಮಾಡಿಕೊಂಡೆ. ಮೊದಲನೆಯದು, 11ನೆಯದು, 25ನೆಯದು. ಮೂರೂ ಬಲಗಡೆಯವೇ.

ಮಗಳು ಮೊಬೈಲಿನಲ್ಲಿ ಇನ್ನೊಂದು ಲೆಕ್ಕ ಹಾಕಿದಳು. ನೂರಕ್ಕೆ 85 ಹೊಡೆಯುವವನಿಗೆ 25ಕ್ಕೆ 25 ಬರುವುದು ಸುಮಾರು 58 ಸುತ್ತಿಗೆ ಒಂದು ಸಲ. ನೂರಕ್ಕೆ 90 ಹೊಡೆದರೆ 14 ಸುತ್ತಿಗೆ ಒಂದು. 95 ಹೊಡೆದರೆ ನಾಲ್ಕು ಸುತ್ತೂ ಬೇಡ. ಆಮೇಲೆ ಅವಳೇ, "ಎಡಗಡೆ ಎಷ್ಟು ಹೊಡಿತೀರೋ ಬಲಗಡೆ ಅಷ್ಟೇ ಹೊಡೆದರೆ?" ಅಂತ ಮತ್ತೆ ಒತ್ತಿದಳು. 11 ಸುತ್ತಿಗೆ ಒಂದು ಬಂತು. ಬೇರೆ ಏನೂ ಸುಧಾರಿಸುವುದು ಬೇಡ. ಆ ಒಬ್ಬ ಗಿರಾಕಿ ಬಾಕಿ ತೀರಿಸಿದರೆ 58 ಇದ್ದದ್ದು 11 ಆಗುತ್ತದೆ.

ಇದನ್ನು ಯಾವ ಧ್ಯಾನ ಹೇಳಿಕೊಡುತ್ತಿತ್ತು? ಧ್ಯಾನ ಮಾಡಬೇಡಿ ಅನ್ನುತ್ತಿಲ್ಲ. ನಿಮ್ಮ ಬಿಪಿಗೆ ಒಳ್ಳೆಯದು. ಆದರೆ ನಾನು ನೂರು ವರ್ಷ ಕಣ್ಣು ಮುಚ್ಚಿ ಕೂತರೂ ಬಲಗಡೆ ಹಕ್ಕಿ ಒಡೆಯುತ್ತಿರಲಿಲ್ಲ. ಯಾಕೆಂದರೆ ತಪ್ಪು ಮನಸ್ಸಿನಲ್ಲಿ ಇರಲಿಲ್ಲ. ಕಾಲಿನಲ್ಲಿತ್ತು.

ನಾನು ಬಲಗೈಯವನು. ಬಂದೂಕು ಬಲ ಭುಜಕ್ಕೆ, ಬಲ ಕೆನ್ನೆ ಹಿಡಿಯ ಮೇಲೆ. ಎಡಕ್ಕೆ ತಿರುಗಿದರೆ ಬಂದೂಕು ಕೆನ್ನೆಗೆ ಇನ್ನೂ ಒತ್ತಿಕೊಳ್ಳುತ್ತದೆ. ಬಲಕ್ಕೆ ತಿರುಗಿದರೆ ಕೆನ್ನೆಯಿಂದ ದೂರ ಹೋಗಲು ನೋಡುತ್ತದೆ. ನಾನು ಪಾದಗಳನ್ನು ತೀರಾ ಎಡಕ್ಕೆ ಇಟ್ಟು ನಿಲ್ಲುತ್ತಿದ್ದೆ. ಬಲಕ್ಕೆ ಅರ್ಧ ತಿರುಗುವಷ್ಟರಲ್ಲಿ ಸೊಂಟ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಮೇಲೆ ಬರೀ ಕೈಯಿಂದ ನೂಕುವುದು. ಕೈಯಿಂದ ನೂಕಿದರೆ ಮುಖ ಎದ್ದುಬಿಡುತ್ತದೆ. ಶಾಟ್‌ಗನ್‌ನಲ್ಲಿ ರೈಫಲ್ ಥರ ಹಿಂದಿನ ಸೈಟ್, ಅಂದರೆ ಗುರಿ ನೋಡುವ ಕಂಡಿ, ಇರುವುದಿಲ್ಲ, ನಿಮ್ಮ ಕಣ್ಣೇ ಹಿಂದಿನ ಸೈಟ್. ಮುಖ ಒಂದು ಬೆರಳು ಎದ್ದರೆ ಗುಂಡು ಹಕ್ಕಿಯ ತಲೆ ಮೇಲೆ ಹಾದು ಹೋಗುತ್ತದೆ.

ರೇಂಜ್‌ನ ಉಸ್ತಾದರು ಇದನ್ನು ಎಷ್ಟೋ ಸಲ ಹೇಳಿದ್ದರು. "ಮುಂಡಿ ನಕ್ಕೊ ಉಠಾವೋ ಮಿಯಾ!" ತಲೆ ಎತ್ತಬೇಡವೋ ಅಂತ. ಬೀದರಿನವನಿಗೆ ದಖ್ಖನಿ ಅರ್ಥ ಆಗದೇ ಇರುತ್ತದೆಯೇ? ಅರ್ಥ ಆಗುತ್ತಿತ್ತು. ತಲೆ ಯಾಕೆ ಏಳುತ್ತದೆ ಅನ್ನುವುದು ಆಗುತ್ತಿರಲಿಲ್ಲ. ಖತಾವಣಿ ತೋರಿಸಿದೆ. ಅವರು ಪುಟ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನನ್ನ ಚಪ್ಪಟೆ ಪಾದಗಳನ್ನು ನೋಡಿದರು. ಬೂಟಿನಿಂದ ನನ್ನ ಎಡಗಾಲನ್ನು ಬಲಕ್ಕೆ ಎರಡು ಇಂಚು ತಳ್ಳಿದರು. ಅಷ್ಟೇ ಪಾಠ.

ಎರಡು ಇಂಚಿಗೆ ಎರಡು ತಿಂಗಳು ಹಿಡಿಯಿತು, ಅದು ಬೇರೆ. ಮನೆಯಲ್ಲಿ ಬಂದೂಕಿಲ್ಲವಲ್ಲ, ಒಂದು ಸಲಿಕೆ ಹಿಡಿ ಭುಜಕ್ಕೆ ಕೊಟ್ಟು, ಗೋಡೆ ಮತ್ತು ಛಾವಣಿ ಸೇರುವ ಗೆರೆ ಹಿಡಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗುವ ಅಭ್ಯಾಸ. ದಿನಾ ರಾತ್ರಿ ಐವತ್ತು ಸಲ. ಅವ್ವ ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿ, "ಜೇಡರ ಬಲಿ ತೆಗಿಲಿಕತ್ತೀ ಏನಪ್ಪಾ?" ಅಂದಳು. ಹೌದವ್ವಾ ಅಂದೆ. "ಮತ್ತ ಅಡಗಿ ಮನ್ಯಾಗಿಂದೂ ತೆಗಿ" ಅಂದಳು.

ಹಕ್ಕಿಗಿಂತ ಮುಂದಕ್ಕೆ ಹೊಡೆಯುವ ವಿದ್ಯೆ ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ. ನಮ್ಮೂರಲ್ಲಿ ವಾಯುಪಡೆಯ ನೆಲೆ ಇದೆ, ಸೂರ್ಯಕಿರಣ್ ತಂಡದ ಮನೆಯೂ ಇದೇ. ಹಾಕ್ ವಿಮಾನದ ಸದ್ದು ಬಂದ ಕಡೆ ತಲೆ ಎತ್ತಿದರೆ ಖಾಲಿ ಆಕಾಶ. ವಿಮಾನ ಆಗಲೇ ಮುಂದೆ ಹೋಗಿರುತ್ತದೆ. ಬೀದರಿನ ಸಣ್ಣ ಮಗುವೂ ಸದ್ದಿಗಿಂತ ಮುಂದೆ ನೋಡುತ್ತದೆ. ಇಲ್ಲೂ ಹಾಗೇ. ತೋಟಾದೊಳಗಿನ 24 ಗ್ರಾಂ ಛರ್ರಾ, ಅಂದರೆ ಸುಮಾರು 300 ಕಾಳು, ಹಕ್ಕಿಯವರೆಗೆ ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ನೇರ ಅಡ್ಡ ಹೋಗುವ ಹಕ್ಕಿ ಮೂರು ಮೀಟರಿನ ಹತ್ತಿರ ಸರಿದಿರುತ್ತದೆ. ಟ್ರ್ಯಾಪ್‌ನಲ್ಲಿ ಓರೆಯಾಗಿ ದೂರ ಹೋಗುವುದರಿಂದ ಅಷ್ಟು ಬೇಡ, ಆದರೂ ಹಕ್ಕಿ ಇರುವಲ್ಲಿಗೆ ಹೊಡೆದರೆ ಹಕ್ಕಿ ಅಲ್ಲಿ ಇರುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಮನಸ್ಸಿನ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಸ್ಕ್ವಾಡ್‌ನಲ್ಲಿ ಆರು ಜನ ಇರುತ್ತೇವೆ. ನಾನು ಒಂದು ಹೊಡೆದ ಮೇಲೆ ಉಳಿದ ಐವರು ಹೊಡೆಯುವವರೆಗೆ ಕಾಯಬೇಕು. ಆ ಖಾಲಿ ಹೊತ್ತಿನಲ್ಲೇ ಲೆಕ್ಕ ಶುರುವಾಗುವುದು. ಹದಿನೆಂಟು ಆಯಿತು, ಇನ್ನು ಏಳು. ಹೆಂಡತಿಗೆ ಫೋನ್ ಮಾಡಿ ಏನು ಹೇಳಲಿ, ಪೇಡೆ ಎಷ್ಟು ಕಿಲೋ ತರಲಿ. ಆದರೆ ನನ್ನ ಅನುಭವದಲ್ಲಿ ಲೆಕ್ಕ ಹಾಕುತ್ತಾ ನಿಂತಾಗಲೂ ಎಡಗಡೆ ಹಕ್ಕಿ ಒಡೆಯುತ್ತಿತ್ತು. ಹೆದರಿಕೆ ಯಾವಾಗಲೂ ಬಾಗಿಲು ಸಡಿಲ ಇರುವ ಕಡೆಯಿಂದಲೇ ಒಳಗೆ ಬರುತ್ತಿತ್ತು.

ಇನ್ನು ಒಂದು ಹಕ್ಕಿಯ ಬೆಲೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ (ಇದೂ ಬಿಲ್ಲೆ ಹೊಡೆಯುವ ಆಟವೇ, ಬೇರೆ ಬಗೆಯದು) ಮಿಶ್ರ ತಂಡದ ಕಂಚಿನ ಪಂದ್ಯ ನೋಡಿದವರಿಗೆ ಗೊತ್ತು. ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಚೀನಾಕ್ಕೆ 44-43ರಲ್ಲಿ ಸೋತರು. ಒಂದೇ ಹಕ್ಕಿ. ಅವತ್ತು ನಾನು ಅಂಗಡಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ, ಗಿರಾಕಿ ಕೇಳಿದ ಫ್ಯಾನ್ ಬೆಲ್ಟ್ ಬದಲು ಬೇರಿಂಗ್ ಕೊಟ್ಟು ಕಳಿಸಿದೆ. ಮರುದಿನ ಎಲ್ಲರೂ ಆ ಕೊನೆಯ ತಪ್ಪಿನ ಬಗ್ಗೆಯೇ ಮಾತಾಡಿದರು. ಮೊದಲಿನ ತಪ್ಪುಗಳ ಸುದ್ದಿ ಯಾರಿಗೂ ಬೇಡ.

ಆದರೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ನಮ್ಮ ಟ್ರ್ಯಾಪ್ ಗಂಡಸರ ತಂಡ ಚಿನ್ನ ಗೆದ್ದಿತು. ಕೈನಾನ್ ಚೆನೈ, ಪೃಥ್ವಿರಾಜ್ ತೊಂಡೈಮಾನ್, ಜೋರಾವರ್ ಸಿಂಗ್ ಸಂಧು. ಚೆನೈ ನಮ್ಮ ಪಕ್ಕದ ಹೈದರಾಬಾದಿನವರು, ಒಂಟಿಯಾಗಿಯೂ ಕಂಚು ಗೆದ್ದರು. ತಂಡದ ಸ್ಕೋರ್ 375ಕ್ಕೆ 361. ಅಂದರೆ 14 ಹಕ್ಕಿ ಬಿಟ್ಟರೂ ಚಿನ್ನ. ಹಾಗಂತ ಒಂದೂ ಬಿಡದವರೂ ಇದ್ದಾರೆ. ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಸ್ಲೊವಾಕಿಯಾದ ಜುಜಾನಾ ಶ್ಟೆಫೆಚೆಕೋವಾ 125ಕ್ಕೆ 125 ಹೊಡೆದರು. ನನ್ನ ಒಂದು ಕನಸನ್ನು ಆಕೆ ಸಾಲಾಗಿ ಐದು ಸಲ ಮಾಡಿ ಮುಗಿಸಿದರು! 1992ರ ಬಾರ್ಸಿಲೋನಾದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಆಡುತ್ತಿದ್ದ ಸ್ಕೀಟ್‌ನಲ್ಲಿ ಚೀನಾದ ಝಾಂಗ್ ಶಾನ್ ಫೈನಲ್‌ಗೆ ಮೊದಲು 200ಕ್ಕೆ 200 ಹೊಡೆದು, ಆಮೇಲೆ ಚಿನ್ನವನ್ನೂ ಗೆದ್ದರು. ಮುಂದಿನ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಗಂಡಸರಿಗೆ ಮಾತ್ರ ಅಂತಾಯಿತು, ಹೆಂಗಸರಿಗೆ ಜಾಗವೇ ಇರಲಿಲ್ಲ. ಇದರ ಬಗ್ಗೆ ನನ್ನ ಮಗಳ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ.

ಅವರಿಗೂ ನನಗೂ ಹೋಲಿಕೆ ಅಲ್ಲ. ನನಗೆ ವಯಸ್ಸು 46, ಕನ್ನಡಕ ಇದೆ, ಮೊಣಕಾಲು ಕಿರ್ ಅನ್ನುತ್ತದೆ. ನನಗೆ ಬೇಕಿರುವುದು ಒಂದೇ ಒಂದು 25. ಅದು ನಸೀಬಿನಿಂದ ಬಂದರೆ ಬೇಡ ಅನ್ನುವಷ್ಟು ದೊಡ್ಡ ಮನುಷ್ಯನೇನೂ ಅಲ್ಲ, ಬಂದರೆ ತೆಗೆದುಕೊಳ್ಳುತ್ತೇನೆ. ಆದರೆ ತಪ್ಪಿದಾಗ ಮಾತ್ರ ನಸೀಬು ಅಂದು ಪುಟ ಮುಚ್ಚುವುದಿಲ್ಲ. ಅಂಗಡಿಯಲ್ಲಿ ಹಾಗೆ ಮಾಡಿದ್ದರೆ ಇಷ್ಟೊತ್ತಿಗೆ ಶಟರ್ ಎಳೆದು ಆಗಿರುತ್ತಿತ್ತು.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು.

"ಎಷ್ಟಾತ್ರಿ?"

"ಇಪ್ಪತ್ಮೂರು."

"ಮತ್ತ ಬಲಗಡೀವೇ?"

"ಅಲ್ಲ. ಬಲಗಡೆ ಹತ್ತಕ್ಕೆ ಹತ್ತು. ಎರಡೂ ಎಡಗಡೆಯವು."

ಕಾಲು ಬಲಕ್ಕೆ ಸರಿಸಿದ ಮೇಲೆ ಎಡಗಡೆ ಸೊಂಟ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ಕಾಣುತ್ತದೆ. ಎರಡು ಇಂಚು ಜಾಸ್ತಿಯಾಯಿತೋ ಏನೋ, ಒಂದೂವರೆ ಮಾಡಿ ನೋಡಬೇಕು. ಮಗಳು ಊಟ ಬಿಟ್ಟೆದ್ದು ಖತಾವಣಿ ತಂದು ಎಡಗಡೆಯ ಪುಟ ತೆಗೆದಳು. ಬರುವ ಭಾನುವಾರವೇ ಹೋಗಿ ನೋಡೋಣ ಅಂದರೆ ಆಗುವ ಹಾಗಿಲ್ಲ. ಮಳೆ ಬಿದ್ದಿದೆ, ಬಿತ್ತನೆ ಶುರುವಾಗಿದೆ, ಬೆಳಿಗ್ಗೆ ಆರಕ್ಕೆಲ್ಲ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಂತಿರುತ್ತವೆ. ಸಲಿಕೆ ಹಿಡಿ ಬಾಗಿಲ ಹಿಂದೆಯೇ ಇದೆ.