ಅರ್ಜೀಲಿ ಒಂದು ಸಾಲು

ಹೋದ ತಿಂಗ್ಳು ಇಲ್ಲಿ ಮಾಂಟ್ರಿಯಲ್‌ನಲ್ಲಿ ಪಕ್ಕದ್ಮನೆಯವ್ರ ಪ್ರಿಂಟರ್ ಸರಿ ಮಾಡೋಕೆ ಹೋಗಿದ್ದೆ. ಆಯಮ್ಮ ಗೊಂಬೆ ಆಡಿಸ್ತಾರೆ, ಗೊಂಬೆ ಹಿಂದಿನ ಪರದೆ ಮೇಲೆ ಅಲ್ಲೇ ಚಿತ್ರಾನೂ ಬರೀತಾರೆ, ಜೊತೆಗೊಬ್ಬ ಪಿಟೀಲು ಬಾರಿಸ್ತಾನೆ. ಕ್ವಿಬೆಕ್ ಸರ್ಕಾರದ ಕಲಾ ಮಂಡಳಿಗೆ ಅರ್ಜಿ ತುಂಬ್ತಿದ್ರು. ನಾಟಕ, ನೃತ್ಯ, ಸಂಗೀತ, ಸರ್ಕಸ್ ಅಂತೆಲ್ಲ ಪಟ್ಟಿ, ಅದರ ಮಧ್ಯೆ ಒಂದು ಸಾಲು 'ಆರ್ ಮಲ್ಟಿಡಿಸಿಪ್ಲಿನೇರ್', ಅಂದ್ರೆ ಹಲವು ಕಲೆ ಕೂಡಿದ್ದು. ಟಕ್ ಅಂತ ಅದನ್ನ ಒತ್ತಿ ಮುಂದೆ ಹೋದ್ರು. ನಂಗೆ ಗಂಟಲು ಕಟ್ಟಿದ ಹಾಗಾಯ್ತು.

ಯಾಕಂದ್ರೆ ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ನಮ್ಮ ಚಿಕ್ಕಪ್ಪನ ಮಗ ಮಾಡೋದೂ ಇಂಥದ್ದೇ. ಒಬ್ರು ಭಾಗವತರು, ಮದ್ದಲೆ, ಇಬ್ರು ಹುಡುಗ್ರು ಅರ್ಥ ಹೇಳೋಕೆ, ಹಿಂದೆ ಕೆಮ್ಮಣ್ಣು ಸಾರಿಸಿದ ಹಲಗೆ ಮೇಲೆ ನಮ್ಮತ್ತೆ ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ, ಅಂದ್ರೆ ನಮ್ಮ ಮಲೆನಾಡಿನ ಗೋಡೆ ಚಿತ್ರ, ಬರೀತಾ ಹೋಗ್ತಾರೆ, ಪ್ರಸಂಗ ಮುಗಿಯೋ ಹೊತ್ತಿಗೆ ಚಿತ್ತಾರಾನೂ ಮುಗೀಬೇಕು. ಧನಸಹಾಯ ಕೇಳೋಣ ಅಂತ ಒಂದು ಕಚೇರಿಗೆ ಹೋದ, ಅಲ್ಲಿ ಕೇಳಿದ ಮೊದಲ ಪ್ರಶ್ನೆ "ನಿಮ್ದು ಯಕ್ಷಗಾನಾನಾ, ನಾಟಕಾನಾ, ಚಿತ್ರಕಲೆನಾ?" ಮೂರೂ ಅಂದ. ಹಾಗಾದ್ರೆ ನಮ್ಮಲ್ಲಿ ಬರಲ್ಲ ಅಂದ್ರು, ಇನ್ನೊಂದು ಕಡೆ ಕಳಿಸಿದ್ರು, ಅಲ್ಲಿಂದ ಮತ್ತೊಂದು ಕಡೆ, ಕೊನೆಗೆ ಅರ್ಜಿ ತಿರುಗಿ ಮನೆಗೇ ಬಂತು.

ನಮ್ಮಲ್ಲಿ ಅಕಾಡೆಮಿಗಳಿಗೆ ಬರ ಇಲ್ಲ. ಸಾಹಿತ್ಯಕ್ಕೊಂದು, ನಾಟಕಕ್ಕೊಂದು, ಸಂಗೀತ ನೃತ್ಯಕ್ಕೊಂದು, ಲಲಿತಕಲೆಗೆ, ಶಿಲ್ಪಕ್ಕೆ, ಜಾನಪದಕ್ಕೆ, ಯಕ್ಷಗಾನಕ್ಕೆ, ಬಯಲಾಟಕ್ಕೆ ಒಂದೊಂದು. ಆದ್ರೆ ನಮ್ಮ ಕಲೆ ಯಾವತ್ತು ಹಾಗೆ ಬೇರೆ ಬೇರೆ ಇತ್ತು ಹೇಳಿ? ಹಿಮ್ಮೇಳ, ವೇಷ, ಕುಣಿತ, ಮಾತು ಒಂದನ್ನ ಕಿತ್ರೂ ಆಟ ಆಗಲ್ಲ. ನಮ್ಮಜ್ಜಿ ಮದುವೆ ಮನೇಲಿ ಹಸೆ ಬರೀವಾಗ ಬಾಯಲ್ಲಿ ಹಾಡು ನಿಲ್ತಿರ್ಲಿಲ್ಲ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಮೇಲೆ ಚಿತ್ತಾರ ಬರೆದಿದ್ದು ಗೋಡೆಗೆ ನೇತುಹಾಕೋಕಲ್ಲ, ಗದ್ದೆಗೆ ಹೊತ್ಕೊಂಡು ಹೋಗೋಕೆ. ದೀಪಾವಳೀಲಿ ಅಂಟಿಗೆ ಪಿಂಟಿಗೆಯೋರು ದೀಪ ಹಿಡ್ಕೊಂಡು ಹಾಡ್ತಾ ಮನೆಬಾಗಿಲಿಗೆ ಬಂದ್ರೆ ಇದು ಸಂಗೀತಾನಾ ಅಂತ ಯಾರಾದ್ರೂ ಕೇಳ್ತಾರಾ?

ಇಲ್ಲಿ ದುಡ್ಡು ಬರೋ ದಾರೀನೂ ನಂಗೆ ಹಿಡಿಸ್ತು. ಇಡೀ ದೇಶದ ಕಲಾವಿದರಿಗೆ ದುಡ್ಡು ಕೊಡೋ ಕೆನಡಾ ಕೌನ್ಸಿಲ್ ಶುರುವಾಗಿದ್ದು 1957ರಲ್ಲಿ, ತೀರಿಕೊಂಡ ಇಬ್ಬರು ದೊಡ್ಡ ಶ್ರೀಮಂತರ ಆಸ್ತಿಯಿಂದ ಬಂದ ತೆರಿಗೆಯಲ್ಲಿ 5 ಕೋಟಿ ಡಾಲರ್ ಮೂಲಧನ ಇಟ್ಟು. ಯಾರಿಗೆ ಕೊಡ್ಬೇಕು ಅನ್ನೋದನ್ನ ಮಂತ್ರಿ ಹೇಳಲ್ಲ, ಬೇರೆ ಕಲಾವಿದರೇ ಕೂತು ಅರ್ಜಿ ಓದ್ತಾರೆ. ಆಟ ಕಟ್ಟಿ ಗೊತ್ತಿರೋನು ಓದಿದ್ರೆ "ನಿಮ್ದು ಯಾವ್ದು" ಅಂತ ಕೇಳ್ತಾನೇ ಇರ್ಲಿಲ್ಲ ಅಂತ ನಂಗನ್ಸತ್ತೆ.

ಹಾಗಂತ ಇಲ್ಲಿ ಕೇಳಿದೋರಿಗೆಲ್ಲ ಸಿಗತ್ತೆ ಅಂತಲ್ಲ, ಆಯಮ್ಮನ ಹೋದ ವರ್ಷದ ಅರ್ಜಿ ಬಿದ್ದೇಹೋಗಿತ್ತು, ಈಗ್ಲೂ ವಾರಕ್ಕೆ ಮೂರು ದಿನ ಬೇಕರೀಲಿ ನಿಲ್ತಾರೆ. ನಮ್ಮ ಸರ್ಕಾರ ಏನೂ ಮಾಡಿಲ್ಲ ಅಂದ್ರೂ ತಪ್ಪಾಗತ್ತೆ, ಶಿವಮೊಗ್ಗಕ್ಕೆ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣ ಬಂತು, ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಹೆಗ್ಗೋಡಿನ ನೀನಾಸಂ ಅಂತೂ ಇದ್ದೇ ಇದೆ, 1949ರಲ್ಲಿ ಊರೋರೇ ಕಟ್ಕೊಂಡಿದ್ದು, ಅಡಿಕೆ ತೋಟದ ನಡುವೆ ನಾಟಕ, ಸಿನಿಮಾ, ಸಾಹಿತ್ಯ ಎಲ್ಲಾ ಒಂದೇ ಅಂಗಳದಲ್ಲಿ, ಅದನ್ನ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದೂ ಆ ಕೆಲಸಕ್ಕೇ. ಇನ್ನೊಂದು ಮಾತು, ಆಯಮ್ಮನ ಆಟಕ್ಕೆ ಹೋದಾಗ ಎಣಿಸಿದ್ರೆ ನಲವತ್ತು ಜನ ಇರ್ಲಿಲ್ಲ. ನಮ್ಮವನ ಆಟಕ್ಕೆ ಅಂಗಳ ಸಾಲ್ದೆ ಕೊಟ್ಟಿಗೆ ಮೇಲೂ ಹತ್ತಿ ಕೂತಿದ್ರು, ಆ ವಿಡಿಯೋ ತೋರಿಸಿದಾಗ ಆಯಮ್ಮ ತುಂಬಾ ಹೊತ್ತು ಮಾತೇ ಆಡ್ಲಿಲ್ಲ.

ಈ ಸಲ ಅವ್ನು ಬರೀ ಯಕ್ಷಗಾನ ಅಂತ ಬರೆದು ಅರ್ಜಿ ಹಾಕ್ತಾನಂತೆ, ಚಿತ್ತಾರದ ವಿಷಯಾನೇ ಎತ್ತಲ್ವಂತೆ, ಅತ್ತೇನೂ ಹೂಂ ಅಂದಿದಾರೆ. ಬಿಡ್ಬೇಡ ಮಾರಾಯ, ಅತ್ತೇನ ಬಿಟ್ಟು ಆಟ ಆಡ್ಬೇಡ ಅಂತ ನಿನ್ನೆ ರಾತ್ರಿನೂ ಫೋನ್ ಮಾಡಿ ಹೇಳ್ದೆ.