28ನೇ ವಾರದ ಬ್ರೀಚ್ ಬೇರೆ, 36ನೇ ವಾರದ ಬ್ರೀಚ್ ಬೇರೆ

ಏಳನೇ ತಿಂಗಳ ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಬ್ರೀಚ್’ ಅನ್ನೋ ಒಂದು ಪದ ಕಂಡರೆ ಸಾಕು, ಮನೆಮಂದಿಗೆ ಊಟ ಸೇರುವುದಿಲ್ಲ. ‘ಮಗು ಉಲ್ಟಾ ಇದೆಯಂತೆ’ ಅಂತ ಸುದ್ದಿ ತವರಿಗೆ ಹೋಗುತ್ತದೆ, ಬಸುರಿ ಹೆಂಗಸು ರಾತ್ರಿ ಮಗ್ಗುಲು ಬದಲಿಸಲೂ ಹೆದರುತ್ತಾಳೆ. ಬ್ರೀಚ್ ಅಂದರೆ ಮಗುವಿನ ತಲೆ ಮೇಲೆ, ಕುಂಡಿ ಇಲ್ಲವೇ ಕಾಲು ಕೆಳಗೆ ಇರುವುದು. ಏಳನೇ ತಿಂಗಳಲ್ಲಿ ಈ ಭಯ ಬೇಕಾಗಿಲ್ಲ. ಎಚ್ಚರ ಬೇಕಾಗುವುದು 36ನೇ ವಾರದಲ್ಲಿ. ಅಷ್ಟು ಹೊತ್ತಿಗೆ ನಮ್ಮವರು ಹೆದರಿ ದಣಿದು, ‘ಹೇಗೂ ಸಿಸೇರಿಯನ್ನೇ’ ಎಂದು ತೀರ್ಮಾನ ಮಾಡಿಕೊಂಡು ಕೂತಿರುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

28ನೇ ವಾರದಲ್ಲಿ ಮಗುವಿನ ತೂಕ ಸುಮಾರು ಒಂದು ಕೆಜಿ. ಸುತ್ತ ನೀರು ಧಾರಾಳ, ಜಾಗವೂ ಧಾರಾಳ. ಬೆಳಗ್ಗೆ ತಲೆ ಕೆಳಗಿದ್ದ ಮಗು ಸಂಜೆಗೆ ಮೇಲಿರಬಹುದು. ಆ ವಾರದಲ್ಲಿ ನೂರಕ್ಕೆ 20–25 ಮಕ್ಕಳು ಕುಂಡಿ ಕೆಳಗೆ ಮಾಡಿಕೊಂಡೇ ಇರುತ್ತವೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವುದು ನೂರಕ್ಕೆ 3–4 ಮಾತ್ರ. ಗರ್ಭಕೋಶದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು. ಮಗು ಬೆಳೆದಂತೆ ಮಡಚಿದ ಕಾಲು ಮತ್ತು ಕುಂಡಿಗೆ ಹೆಚ್ಚು ಜಾಗ ಬೇಕಾಗುತ್ತದೆ, ಅವು ಅಗಲವಿರುವ ಕಡೆಗೆ ಹೋಗುತ್ತವೆ, ತಲೆ ಕೆಳಗೆ ಬರುತ್ತದೆ. ಆದ್ದರಿಂದ ರಿಪೋರ್ಟ್‌ನಲ್ಲಿ ಆ ಪದ ಕಂಡಾಗ ಮೊದಲು ಪಕ್ಕದಲ್ಲಿ ಎಷ್ಟನೇ ವಾರ ಅಂತ ಬರೆದಿದೆ ನೋಡಿ. ವಾರದ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ‘ಎಂಟು ತುಂಬಿತು’ ಅನ್ನುವ ಮನೆಯ ಲೆಕ್ಕಕ್ಕೂ ಇದಕ್ಕೂ ಎರಡು ಮೂರು ವಾರದ ವ್ಯತ್ಯಾಸ ಬಂದುಬಿಡುತ್ತದೆ.

ಕೆಲವು ಮಕ್ಕಳು ಯಾಕೆ ತಿರುಗುವುದಿಲ್ಲ? ನೀರು ತೀರಾ ಕಮ್ಮಿಯಿದ್ದರೆ ಹೊರಳಲು ಆಗುವುದಿಲ್ಲ, ತೀರಾ ಜಾಸ್ತಿಯಿದ್ದರೆ ಒಂದು ಕಡೆ ನಿಲ್ಲುವುದಿಲ್ಲ. ಮಾಸು ಗರ್ಭಕೋಶದ ಬಾಯಿಯ ಹತ್ತಿರ ಕೂತಿದ್ದರೆ ತಲೆಗೆ ಜಾಗವಿಲ್ಲ. ಫೈಬ್ರಾಯ್ಡ್ ಗಡ್ಡೆ, ಗರ್ಭಕೋಶದ ಆಕಾರದಲ್ಲಿ ಹುಟ್ಟಿನಿಂದ ಇರುವ ವ್ಯತ್ಯಾಸ, ಅವಳಿ, ಇವೂ ಕಾರಣ. ಆದರೆ ಬಹಳಷ್ಟು ಸಲ ಹುಡುಕಿದರೂ ಕಾರಣ ಸಿಗುವುದಿಲ್ಲ. ಬಸುರಿ ಮಲಗಿದ ರೀತಿ, ಬಗ್ಗಿ ಕಸ ಗುಡಿಸಿದ್ದು, ಬಸ್ಸಿನಲ್ಲಿ ಓಡಾಡಿದ್ದು ಕಾರಣವಲ್ಲ. ಅವಳನ್ನು ದೂರುವುದನ್ನು ದಯವಿಟ್ಟು ಬಿಡಿ.

ಮಗು ಹೇಗಿದೆ ಎಂದು ತಿಳಿಯಲು ಪ್ರತಿ ಸಲ ಸ್ಕ್ಯಾನ್ ಬೇಕಿಲ್ಲ. ಡಾಕ್ಟರೋ ನರ್ಸಮ್ಮನೋ ಎರಡೂ ಕೈಯಿಂದ ಹೊಟ್ಟೆ ಮುಟ್ಟಿ ನೋಡುವ ನಾಲ್ಕು ಹಂತದ ಪರೀಕ್ಷೆಯಿದೆ, ಜರ್ಮನಿಯ ಲಿಯೋಪೋಲ್ಡ್ ಅವರ ಹೆಸರಿನದು. ಮೊದಲು ಹೊಟ್ಟೆಯ ಮೇಲ್ತುದಿಯಲ್ಲಿ ಏನಿದೆ ಎಂದು ನೋಡುತ್ತಾರೆ. ತಲೆಯಾದರೆ ಗುಂಡಗೆ, ಗಟ್ಟಿಯಾಗಿ, ತಟ್ಟಿದರೆ ಚೆಂಡಿನ ಹಾಗೆ ಅಲ್ಲಾಡುತ್ತದೆ. ಕುಂಡಿಯಾದರೆ ಮೆತ್ತಗೆ, ಅಲ್ಲಾಡಿಸಿದರೆ ಇಡೀ ಮೈ ಜೊತೆಗೆ ಬರುತ್ತದೆ. ಆಮೇಲೆ ಬೆನ್ನು ಯಾವ ಪಕ್ಕಕ್ಕಿದೆ, ಕೆಳಗೆ ಏನಿದೆ, ಅದು ಸೊಂಟದೊಳಗೆ ಎಷ್ಟು ಇಳಿದಿದೆ ಎಂದು ನೋಡುತ್ತಾರೆ. ಎದೆಬಡಿತ ಹೊಕ್ಕುಳಿನ ಕೆಳಗೆ ಜೋರಾಗಿ ಕೇಳಿದರೆ ಸಾಮಾನ್ಯವಾಗಿ ತಲೆ ಕೆಳಗಿದೆ, ಮೇಲೆ ಕೇಳಿದರೆ ಬ್ರೀಚ್ ಇರಬಹುದು. ಪಕ್ಕೆಲುಬಿನ ಕೆಳಗೆ ಗಟ್ಟಿ ಗುಂಡು ಒತ್ತಿದಂತಾಗಿ, ಒದೆತ ಮೂತ್ರಕೋಶದ ಮೇಲೆ ಬೀಳುತ್ತಿದ್ದರೆ ತಾಯಿಗೇ ಅನುಮಾನ ಬರುತ್ತದೆ. ಕೈಯ ಅಂದಾಜು ತಪ್ಪುವುದೂ ಉಂಟು, ಅನುಮಾನವಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು. ಆದರೆ ಈಗೀಗ ಹೊಟ್ಟೆಯ ಮೇಲೆ ಕೈಯನ್ನೇ ಇಡದೆ ಹಳೆಯ ರಿಪೋರ್ಟ್ ಓದಿ ಕಳಿಸುವ ಕಡೆಗಳಿವೆ. ‘ಒಂದು ಸಲ ಮುಟ್ಟಿ ನೋಡಿ ಡಾಕ್ಟ್ರೇ’ ಎಂದು ಕೇಳಲು ಸಂಕೋಚ ಬೇಡ.

36ನೇ ವಾರಕ್ಕೂ ಬ್ರೀಚ್ ಇದ್ದರೆ ತಾನಾಗಿ ತಿರುಗುವ ಸಾಧ್ಯತೆ ಕಮ್ಮಿ, ಚೊಚ್ಚಲಲ್ಲಿ ನೂರಕ್ಕೆ ಎಂಟರ ಆಸುಪಾಸು. ಆಗ ಕೇಳಬೇಕಾದ ಪ್ರಶ್ನೆ: ‘ಇಸಿವಿ ಮಾಡಬಹುದಾ?’ ಹೊರಗಿನಿಂದ, ಹೊಟ್ಟೆಯ ಮೇಲೆ ಕೈಯಿಟ್ಟು ಮಗುವನ್ನು ತಿರುಗಿಸುವ ವಿಧಾನ ಅದು. ಚೊಚ್ಚಲಿಗೆ 36ರಿಂದ, ಮೊದಲು ಹೆರಿಗೆಯಾದವರಿಗೆ 37ರಿಂದ ಮಾಡುವುದು ವಾಡಿಕೆ. ಮೊದಲು ಸ್ಕ್ಯಾನ್ ಮಾಡಿ ಮಾಸು, ನೀರು, ಬೆನ್ನಿನ ದಿಕ್ಕು ನೋಡುತ್ತಾರೆ. ಸಿಟಿಜಿ ಯಂತ್ರದಲ್ಲಿ ಮಗುವಿನ ಎದೆಬಡಿತ ದಾಖಲಿಸುತ್ತಾರೆ. ಗರ್ಭಕೋಶ ಸಡಿಲವಾಗಲು ಟರ್ಬುಟಲಿನ್ ಇಂಜೆಕ್ಷನ್ ಕೊಡಬಹುದು. ಕುಂಡಿಯನ್ನು ಸೊಂಟದಿಂದ ಮೇಲೆತ್ತಿ, ತಲೆಯನ್ನು ಇನ್ನೊಂದು ಕೈಯಿಂದ ಕೆಳಗೆ ನಡೆಸಿ, ಮಗುವಿಗೆ ಮುಂದಕ್ಕೆ ಲಾಗ ಹಾಕಿಸಿದಂತೆ ತಿರುಗಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ನೋವು ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನುವ ಹಕ್ಕು ತಾಯಿಗಿದೆ. ಮುಗಿದ ಮೇಲೆ ಮತ್ತೆ ಸಿಟಿಜಿ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಮರೆಯಬಾರದು.

ಸುಮಾರು ಅರ್ಧದಷ್ಟು ಜನಕ್ಕೆ ಇದು ಫಲಿಸುತ್ತದೆ. ಎರಡನೇ ಮೂರನೇ ಬಸುರಿಯವರಿಗೆ ಇನ್ನೂ ಹೆಚ್ಚು. ಎದೆಬಡಿತ ಇಳಿದು ಅಥವಾ ರಕ್ತ ಕಂಡು ತಕ್ಷಣ ಸಿಸೇರಿಯನ್ ಮಾಡಬೇಕಾಗುವುದು ಸುಮಾರು 200ರಲ್ಲಿ ಒಬ್ಬರಿಗೆ, ಹಾಗಾಗಿ ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರುವ ಆಸ್ಪತ್ರೆಯಲ್ಲೇ ಮಾಡಬೇಕು. ಮಾಸು ಬಾಯಿಗೆ ಅಡ್ಡವಿದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ, ನೀರು ಒಡೆದಿದ್ದರೆ, ಅವಳಿಯಿದ್ದರೆ ಮಾಡುವುದಿಲ್ಲ.

ಇದೇ ಕಾರಣಕ್ಕೆ ಮನೆಯಲ್ಲಿ ಎಣ್ಣೆ ಹಚ್ಚಿ ಹೊಟ್ಟೆ ಉಜ್ಜಿ ಮಗು ತಿರುಗಿಸುವುದನ್ನು ನಾನು ಖಂಡಿತ ಬೇಡ ಅನ್ನುತ್ತೇನೆ. ನಮ್ಮ ಸೂಲಗಿತ್ತಿಯರ ಕೈಯ ತಿಳಿವಳಿಕೆಯ ಮೇಲೆ ಅಪಾರ ಗೌರವವಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ನ್ಯಾಯವಾಗಿಯೇ. ಆದರೆ ಮಾಸು ಎಲ್ಲಿದೆಯೆಂದು ಗೊತ್ತಿಲ್ಲದೆ ಒತ್ತಿ ಅದು ಗೋಡೆಯಿಂದ ಬಿಟ್ಟುಕೊಂಡರೆ, ಒಳಗೇ ರಕ್ತ ಸೋರಿ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಮಂಡಿಯೂರಿ ಎದೆ ನೆಲಕ್ಕೆ ತಾಗಿಸಿ ಕೂರುವುದು, ಹೊಟ್ಟೆಗೆ ಟಾರ್ಚ್ ಬಿಡುವುದು, ಇವುಗಳಿಂದ ಮಗು ತಿರುಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ತಲೆಕೆಳಗಾಗಿ ನಿಲ್ಲುವ ಸಾಹಸವಂತೂ ಬೇಡವೇ ಬೇಡ.

ಇಸಿವಿ ಫಲಿಸದಿದ್ದರೆ ಸಾಮಾನ್ಯವಾಗಿ 39ನೇ ವಾರದಲ್ಲಿ ಸಿಸೇರಿಯನ್. ಮುಹೂರ್ತ ನೋಡಿ ಅದನ್ನು 37ಕ್ಕೆ ಎಳೆಯಬೇಡಿ, ಬೇಗ ಹೊರಬಂದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು. ಬ್ರೀಚ್ ಮಗುವನ್ನು ಸಹಜವಾಗಿ ಹೆರಿಸುವ ಪದ್ಧತಿ 2000ದಲ್ಲಿ ಟರ್ಮ್ ಬ್ರೀಚ್ ಟ್ರಯಲ್ ಎಂಬ ಅಧ್ಯಯನ ಪ್ರಕಟವಾದ ಮೇಲೆ ಪ್ರಪಂಚದಾದ್ಯಂತ ಕುಗ್ಗಿತು. ಮೈ ಹೊರಬಂದು, ಎಲ್ಲಕ್ಕಿಂತ ದೊಡ್ಡದಾದ ತಲೆ ಕೊನೆಗೆ ಸಿಕ್ಕಿಕೊಳ್ಳುವುದೇ ಅದರ ಅಪಾಯ. ಪಳಗಿದ ಕೈಯಿಲ್ಲದ ಕಡೆ ಅದಕ್ಕೆ ಹಟ ಮಾಡಬಾರದು.

ನಿಜವಾಗಿ ಹೆದರಬೇಕಾದದ್ದು 37 ವಾರ ಕಳೆದ ಮೇಲೂ ಮಗು ಅಡ್ಡ ಮಲಗಿದ್ದರೆ, ಇಲ್ಲವೇ ಒಂದು ಕಾಲು ಕೆಳಗಿದ್ದರೆ. ಕೆಳದಾರಿಯನ್ನು ಮುಚ್ಚಲು ತಲೆಯಿಲ್ಲವಾದ್ದರಿಂದ ನೀರು ಒಡೆದಾಗ ಹೊಕ್ಕುಳಬಳ್ಳಿ ಮೊದಲು ಜಾರಿ ಬರಬಹುದು. ಬಳ್ಳಿ ಒತ್ತಿಹೋದರೆ ಮಗುವಿಗೆ ರಕ್ತವೇ ನಿಲ್ಲುತ್ತದೆ. ಹಾಗಾದಾಗ ಅದನ್ನು ಮುಟ್ಟಬೇಡಿ, ಒಳಗೆ ತಳ್ಳಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಮಂಡಿಯೂರಿ ತಲೆ ತಗ್ಗಿಸಿ ಕುಂಡಿ ಎತ್ತಿಕೊಂಡಿರಲಿ. ಗಾಡಿಯಲ್ಲಿ ಎಡಮಗ್ಗುಲಾಗಿ ಮಲಗಿಸಿ ಸೊಂಟದ ಕೆಳಗೆ ದಿಂಬು ಕೊಡಿ. ಅಡ್ಡ ಮಗುವಿರುವವರನ್ನು ಕೊನೆಯ ವಾರಗಳಲ್ಲಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇವೆ ಎಂದು ಡಾಕ್ಟರು ಹೇಳಿದರೆ ದುಡ್ಡು ಮಾಡಲು ಅಂದುಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದರೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ ಉಚಿತ.

ಸ್ಕ್ಯಾನ್ ರಿಪೋರ್ಟ್‌ನಲ್ಲಿ ಕಾಣುವ ‘ಬಳ್ಳಿ ಕುತ್ತಿಗೆಗೆ ಸುತ್ತಿದೆ’ ಎಂಬ ಸಾಲಿಗೆ ಇಷ್ಟು ಹೆದರಿಕೆ ಬೇಡ. ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹಾಗಿರುತ್ತದೆ. ಮಗು ಹೊಟ್ಟೆಯಲ್ಲಿ ಗಂಟಲಿನಿಂದ ಉಸಿರಾಡುವುದಿಲ್ಲ. ತಾಯಿ ಮಗ್ಗುಲು ಬದಲಿಸಿದ್ದರಿಂದ ಸುತ್ತಿಕೊಳ್ಳುವುದೂ ಇಲ್ಲ. ಮಗುವಿನ ಓಡಾಟ ಕಮ್ಮಿಯಾಗಿದೆ ಅನ್ನಿಸಿದರೆ ಮಾತ್ರ, ಮಗು ಯಾವ ಭಂಗಿಯಲ್ಲಿದ್ದರೂ, ಅದೇ ದಿನ ತೋರಿಸಿ.

ಚೊಚ್ಚಲಿಗೆ ತವರಿಗೆ ಹೋಗುವ ನಮ್ಮ ರೂಢಿಯಲ್ಲಿ ಒಂದು ತೊಡಕಿದೆ. ಮುಖ್ಯವಾದ 36ನೇ ವಾರ ಹಳೆಯ ಡಾಕ್ಟರನ್ನು ಬಿಟ್ಟು ಹೊಸಬರನ್ನು ಕಾಣುವ ಮಧ್ಯದಲ್ಲಿ ಕಳೆದುಹೋಗುತ್ತದೆ. ತಾಯಿ ಕಾರ್ಡು, ಎಲ್ಲ ಸ್ಕ್ಯಾನ್ ರಿಪೋರ್ಟು ಹಿಡಿದು ಆ ವಾರವೇ ತೋರಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಇನ್ನೊಂದು ಮಾತು ಹೆರಿಗೆಯ ಗಡಿಬಿಡಿಯಲ್ಲಿ ಮರೆತೇಹೋಗುತ್ತದೆ. ಕೊನೆಯ ತಿಂಗಳು ಬ್ರೀಚ್ ಆಗಿದ್ದ ಮಗುವಿಗೆ, ಹೇಗೇ ಹುಟ್ಟಿರಲಿ, ತೊಡೆಯ ಕೀಲು ಸರಿಯಾಗಿ ಕೂತಿದೆಯೇ ಎಂದು ಆರು ವಾರದ ಹೊತ್ತಿಗೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಬೇಕು. ಬೇಗ ಗೊತ್ತಾದರೆ ಪಟ್ಟಿ ಕಟ್ಟಿ ಸರಿಪಡಿಸಬಹುದು, ನಡೆಯುವ ವಯಸ್ಸಿನಲ್ಲಿ ಗೊತ್ತಾದರೆ ಆಪರೇಷನ್ನೇ ಬೇಕಾಗಬಹುದು. ಅಲ್ಲಿಯವರೆಗೆ ಬಟ್ಟೆ ಸುತ್ತುವಾಗ ಕಾಲುಗಳನ್ನು ನೆಟ್ಟಗೆ ಎಳೆದು ಬಿಗಿಯಬೇಡಿ. ಕಪ್ಪೆಯ ಹಾಗೆ ಮಡಚಿ ಅಗಲಿಸಿಕೊಳ್ಳಲು ಬಿಡಿ.