ಹುಟ್ಟಿದ ಮನೆಯದ್ದೋ, ಕೊಟ್ಟ ಮನೆಯದ್ದೋ?

ಡಲ್ಲಾಸಿನಲ್ಲಿರುವ ತಂಗಿಗೆ ದಿನ ತುಂಬುವುದರೊಳಗೆ ಅಮ್ಮ ಅಲ್ಲಿರಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಅಂಟಿನ ಉಂಡೆ ಎಲ್ಲ ಕೂಡಲೇ ತಯಾರಾದವು. ತಯಾರಿಲ್ಲದ್ದು ಅಮ್ಮ ಒಬ್ಬಳೇ, ಅದೂ ಕಾಗದದ ಮೇಲೆ.

ಶಾಲೆಯ ಟಿಸಿಯಲ್ಲಿ ಅವಳು ಸಾವಿತ್ರಿ. ಆಧಾರಿನಲ್ಲಿ ಸಾವಿತ್ರಮ್ಮ. ಪಡಿತರ ಚೀಟಿಯಲ್ಲಿ ಸಾವಿತ್ರಿಬಾಯಿ; ಬರೆದ ಪುಣ್ಯಾತ್ಮ ಯಾವ ಸೀಮೆಯವನೋ. ಹುಟ್ಟಿದ್ದು ನವರಾತ್ರಿಯಲ್ಲಿ, ಆದರೆ ಟಿಸಿ ಪ್ರಕಾರ ಜೂನ್ 1. ಜೂನಿನಲ್ಲಿ ಶಾಲೆ ಶುರುವಾಗುವ ಕಾಲಕ್ಕೆ ವಯಸ್ಸು ಸರಿಹೋಗಲೆಂದು ಹೆಡ್‌ಮಾಸ್ತರರು ನಮ್ಮ ಕಡೆ ಅರ್ಧ ಊರನ್ನೇ ಆ ದಿನ ಹುಟ್ಟಿಸಿದ್ದಾರೆ. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರ ಪಾಸ್‌ಪೋರ್ಟಿಗೆ ಟಿಸಿಯೂ ನಡೆಯುತ್ತದೆ. ಹಾಗಾಗಿ ಜೂನ್ ಒಂದೇ ಖಾಯಂ.

ಪಾಸ್‌ಪೋರ್ಟಿನಲ್ಲಿ ‘ಸಾವಿತ್ರಿ’ ಅಂತ ಒಂದೇ ಹೆಸರು. ಹೀಗಿದ್ದರೆ ಅಮೆರಿಕದವರು ಅದನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಖಾಲಿಯಾದ ಕಡೆ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ.

“ಗೊತ್ತಿಲ್ದಿದ್ರೆ ನನ್ನನ್ನೇ ಕೇಳ್ಬಹುದಿತ್ತಲ್ಲ,” ಎಂದಳು ಅಮ್ಮ.

ಕೇಳುವುದಕ್ಕೇನೂ ಅವರು ಕಡಿಮೆ ಮಾಡಿಲ್ಲ. ಡಿಎಸ್-160 ಎಂಬ ಅವರ ವೀಸಾ ಅರ್ಜಿಯಲ್ಲಿ ಅವಳ ಅಪ್ಪ, ಅಮ್ಮನ ಜನ್ಮದಿನಾಂಕವೂ ಬೇಕು.

“ದೊಡ್ಡ ನೆರೆ ಬಂತಲ್ಲ, ಅದರ ಮರುವರ್ಷ ಅಜ್ಜಿ ಹುಟ್ಟಿದ್ದು.”

“ಗೊತ್ತಿಲ್ಲ ಅಂತ ಟಿಕ್ ಮಾಡೋಕೆ ಜಾಗ ಇದೆ, ಮಾಡ್ತೀನಿ.”

“ಹೆತ್ತ ತಾಯಿ ಹುಟ್ಟಿದ್ದು ಗೊತ್ತಿಲ್ಲ ಅಂತ ಬರೀತೀಯೇನೋ? ತಡಿ, ಚಿಕ್ಕಮ್ಮಂಗೆ ಫೋನ್ ಮಾಡ್ತೀನಿ.”

20 ನಿಮಿಷ ಏನೂ ಮಾಡದೆ ಕೂತರೆ ಆ ಅರ್ಜಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಚಿಕ್ಕಮ್ಮನ ಜೊತೆ 20 ನಿಮಿಷದಲ್ಲಿ ಮಾತು ಮುಗಿಸಿದವರು ನಮ್ಮ ವಂಶದಲ್ಲಿ ಇಲ್ಲ.

ಮತ್ತೆ ತೆರೆದೆ. ನೀವು ಯಾವುದಾದರೂ ಕುಲಕ್ಕೋ ಬುಡಕಟ್ಟಿಗೋ ಸೇರಿದವರೇ? ಅಮ್ಮನಿಗೆ ಮೊದಲ ಸಲ ಪ್ರಶ್ನೆ ಹಿಡಿಸಿತು. “ಗೋತ್ರ ತಾನೇ? ಹುಟ್ಟಿದ ಮನೆಯದ್ದೋ, ಕೊಟ್ಟ ಮನೆಯದ್ದೋ?” ಅಮೆರಿಕ ಇದರ ಬಗ್ಗೆ ಯೋಚನೆ ಮಾಡಿದಂತೆ ಕಾಣಲಿಲ್ಲ. ಸ್ಫೋಟಕಗಳಲ್ಲಿ ವಿಶೇಷ ಪರಿಣತಿ ಇದೆಯೇ? “ಕುಕ್ಕರ್ ಸಿಡಿಸಿದ್ದು ಬರಿ,” ಎಂದರು ಅಪ್ಪ, ಜಗಲಿಯಿಂದಲೇ. ಭಯೋತ್ಪಾದನೆ ಮಾಡುವ ಉದ್ದೇಶವಿದೆಯೇ ಎಂದು ಓದಿದಾಗ ಅಮ್ಮ ಎರಡೂ ಕೆನ್ನೆ ಮುಟ್ಟಿಕೊಂಡು “ಬಿಡ್ತು ಅನ್ನು!” ಎಂದಳು. ಬಿಡ್ತು ಅನ್ನುವುದಕ್ಕೆ ಅಲ್ಲಿ ಬಟನ್ ಇಲ್ಲ. ‘ಇಲ್ಲ’ ಒತ್ತಿದೆ.

ಇನ್ನುಳಿದದ್ದು ಚೆನ್ನೈ. ಬೆರಳಚ್ಚು ಒಂದು ದಿನ, ಸಂದರ್ಶನ ಮರುದಿನ. ಅಡಿಕೆ ಸುಲಿದು, ಹುಣಸೆಹಣ್ಣು ಹಾಕಿ ತಾಮ್ರ ತಿಕ್ಕಿ ಸವೆದ ಬೆರಳು ಅಮ್ಮನದು. ನ್ಯಾಯಬೆಲೆ ಅಂಗಡಿಯ ಮೆಷಿನ್ನೇ ತಿಂಗಳಿಗೊಮ್ಮೆ ಅವಳನ್ನು ಯಾರೋ ಎನ್ನುತ್ತದೆ. ಇಲ್ಲಂತೂ ಹತ್ತೂ ಬೆರಳು. ಒರೆಸಿ, ಒತ್ತಿ, ಮತ್ತೆ ಒರೆಸಿ, ಅಂತೂ ಬಿತ್ತು.

ಸಂದರ್ಶನಕ್ಕೆ ಕಡತ ಕಟ್ಟಿದ್ದು ನಾನು. ಅಲ್ಲಿನ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ಹೋದವರೆಲ್ಲ ಅಲ್ಲೇ ಠಿಕಾಣಿ ಹೂಡುವವರೆಂದೇ ಲೆಕ್ಕ. ಅಲ್ಲವೆಂದು ತೋರಿಸುವ ಹೊಣೆ ಹೋಗುವವರದೇ. ಅದಕ್ಕೆ ಊರಿನಲ್ಲಿ ಆಸ್ತಿ ಇದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆಸ್ತಿಯೇನೋ ಇದೆ. ಪಹಣಿ ತೆಗೆಸಿದರೆ ಇನ್ನೂ ತಾತನ ಹೆಸರಿನಲ್ಲೇ ಇದೆ! ತಾತ ಹೋಗಿ ಎಷ್ಟೋ ಕಾಲವಾಯಿತು, ಪೌತಿ ಖಾತೆ ಮಾಡಿಸೋಣ ಅಂದಾಗಲೆಲ್ಲ ಅಪ್ಪ “ಭೂಮಿ ಎಲ್ಲಿಗೆ ಓಡಿಹೋಗುತ್ತೆ?” ಅನ್ನುತ್ತಾರೆ. ನ್ಯಾಯವಾಗಿ ನೋಡಿದರೆ ವೀಸಾ ಕೊಡಬೇಕಾದದ್ದು ತಾತನಿಗೆ. ಆಸ್ತಿಯೆಲ್ಲ ಇಲ್ಲಿ, ಅಲ್ಲಿ ನೌಕರಿ ಹಿಡಿಯುವ ಭಯವೂ ಇಲ್ಲ. ಆದರೂ ಪಹಣಿ, ಪಾಸ್‌ಬುಕ್ಕು, ಆಡಿಟರ್ ಬರೆದುಕೊಟ್ಟ ಆಸ್ತಿ ಲೆಕ್ಕ, ಮದುವೆಯ ಕಪ್ಪು-ಬಿಳುಪು ಫೋಟೋ ಎಲ್ಲ ತುರುಕಿದೆ.

ತಂಗಿ ವಾಟ್ಸಾಪಿನಲ್ಲಿ ಪಾಠ ಹೇಳಿಕೊಟ್ಟಳು: “ಬಾಣಂತನ ಅನ್ನಬೇಡ, ಕೆಲಸಕ್ಕೆ ಬರ್ತಿದ್ದಾರೆ ಅಂದ್ಕೋತಾರೆ. ಮೊಮ್ಮಗು ನೋಡೋಕೆ ಅನ್ನು.” ಅಮ್ಮ ತಲೆಯಾಡಿಸಿದಳು. ಅವಳ ತಲೆಯಾಟಕ್ಕೆ ಹೂಂ ಅಂತ ಅರ್ಥವೇನಿಲ್ಲ, ತಂಗಿಗೂ ಅದು ಗೊತ್ತು.

ಒಳಗೆ ಅವಳೊಬ್ಬಳನ್ನೇ ಬಿಟ್ಟರು. ನಾನು ರಸ್ತೆಯಾಚೆ ನಿಂತು ಎಳನೀರು ಕುಡಿದೆ, ಇನ್ನೊಂದು ಕುಡಿದೆ. ಕೊನೆಗೆ ಬಂದಳು.

“ಏನು ಕೇಳಿದ್ರು?”

“ಯಾಕೆ ಹೋಗ್ತಿದ್ದೀರಿ ಅಂದ್ರು. ಮಗಳ ಬಾಣಂತನಕ್ಕೆ ಅಂದೆ.”

“ಅಂದೇ ಬಿಟ್ಯಾ!”

“ಮತ್ತೇನನ್ನಲಿ? ಎಷ್ಟು ತಿಂಗಳಿಗೆ ವಾಪಸ್ ಅಂದ್ರು. ಮೂರಕ್ಕೆ, ಅಡಿಕೆ ಕೊಯ್ಲು ಶುರುವಾಗುತ್ತೆ ಅಂದೆ. ಪಾಸ್‌ಪೋರ್ಟ್ ಇಟ್ಕೊಂಡ್ರು.”

“ಇಟ್ಕೊಂಡ್ರಾ? ಹಾಗಾದ್ರೆ ಆಯ್ತು ಬಿಡು! ಕಾಗದ ಏನಾದ್ರೂ ನೋಡಿದ್ರಾ?”

“ಇಲ್ಲ ಕಣೋ. ಆದ್ರೆ ಕಟ್ಟು ದಪ್ಪ ಕಟ್ಟಿದ್ದು ಒಳ್ಳೇದಾಯ್ತು. ಹೊರಗೆ ಕ್ಯೂನಲ್ಲಿ ಏನ್ ಬಿಸಿಲು ಅಂತೀಯ! ತಲೆ ಮೇಲೆ ಹಿಡ್ಕೊಂಡಿದ್ದೆ. ಹಿಂದಿದ್ದ ಹೆಂಗಸಿಗೂ ಸ್ವಲ್ಪ ನೆರಳಾಯ್ತು.”